ಮೆಗಾಬ್ಲಾಕ್ ಇದ್ದ ಭಾನುವಾರ

(ಮುಂಬಯಿ ಉಪನಗರದ ಒಂದು ಕನ್ನಡ ಸಂಘದಲ್ಲಿ ವಿದ್ಯಾರ್ಥಿಗಳು, ಪೋಷಕರು ಮತ್ತು ಸಣ್ಣ ವ್ಯಾಪಾರಸ್ಥರ ಎದುರು, ಐಟಿ ವಿದ್ಯಾರ್ಥಿಗಳ ಪ್ರಾಜೆಕ್ಟಿನ ಬಗ್ಗೆ, ಅವರಿಗೆ ಕಾಲೇಜಿನಲ್ಲಿ ಕಲಿಸುವವಳಾಗಿ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮನೆ ಬಿಟ್ಟು ಬಂದಿದ್ದೀರಿ, ಅದೂ ಇಂಥ ಒಣ ವಿಷಯ ಕೇಳಲಿಕ್ಕೆ. ಹಾಗಾಗಿ ಪೀಠಿಕೆ ಜಾಸ್ತಿ ಹಾಕುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಮುಂಬಯಿಯ ಯಾವುದಾದರೂ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ನಿಂತು ನೋಡಿ. ಕೌಂಟರ್ ಮೇಲೆ ಕಪ್ಪು ರೆಕ್ಸಿನ್ ಹೊದಿಸಿದ ದಪ್ಪ ಪುಸ್ತಕಗಳ ಅಟ್ಟಿ ಇರುತ್ತದೆ. ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹುಡುಗನ ಹೆಸರು, ಸೀಟ್ ನಂಬರು, ಕಾಲೇಜಿನ ಹೆಸರು. ಇದಕ್ಕೆ ನಮ್ಮ ಮಕ್ಕಳು ಬ್ಲ್ಯಾಕ್ ಬುಕ್ ಅನ್ನುತ್ತಾರೆ. ಬಿಎಸ್ಸಿ ಐಟಿ ಕೊನೆಯ ವರ್ಷದ ಪ್ರಾಜೆಕ್ಟ್ ಆಯಿತಾ ಅಂತ ಕೇಳಿದರೆ, "ಬುಕ್ ಬೈಂಡಿಂಗಿಗೆ ಕೊಟ್ಟಿದ್ದೇನೆ ಮೇಡಂ" ಎಂಬ ಉತ್ತರ ಬರುತ್ತದೆ. ಪ್ರೋಗ್ರಾಂ ಓಡುತ್ತದಾ ಎಂದು ನಾನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಎಷ್ಟೋ ವರ್ಷ ನಮ್ಮಿಬ್ಬರ ನಡುವೆ ಇಂಥದೊಂದು ಮರ್ಯಾದೆಯ ಒಪ್ಪಂದ ನಡೆದುಕೊಂಡು ಬಂದಿತ್ತು.

ಆ ಪುಸ್ತಕಗಳ ಒಳಗೆ ಏನಿರುತ್ತದೆ? ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಂ. ಆನ್‌ಲೈನ್ ಶಾಪಿಂಗ್. ಆ ಲೈಬ್ರರಿಗೆ ಒಬ್ಬ ಓದುಗ ಬಂದವನಲ್ಲ. ಆ ಆಸ್ಪತ್ರೆಯಲ್ಲಿ ಒಬ್ಬನಿಗೂ ಜ್ವರ ಬಂದಿಲ್ಲ. ರೋಗಿಯ ಹೆಸರಿನ ಜಾಗದಲ್ಲಿ ಎಬಿಸಿ, ಫೋನ್ ನಂಬರಿನ ಜಾಗದಲ್ಲಿ ಹತ್ತು ಒಂಬತ್ತುಗಳು. ಇಂಥ ಪುಸ್ತಕಗಳಿಗೆ ನಾನೇ ಸಹಿ ಹಾಕಿದ್ದೇನೆ, ಒಂದೆರಡಲ್ಲ. ಕೆಲವನ್ನು ದುಡ್ಡು ಕೊಟ್ಟು ಮಾಡಿಸಿದ್ದಾರೆ ಅಂತ ಗೊತ್ತಿದ್ದೂ ಹಾಕಿದ್ದೇನೆ. ಒಮ್ಮೆ ಒಂದು ಪುಸ್ತಕದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿನ ಬದಲು ಬೇರೆ ಊರಿನ ಬೇರೆ ಕಾಲೇಜಿನ ಮೇಷ್ಟ್ರ ಹೆಸರಿತ್ತು. ಅವರಿಗೂ ಧನ್ಯವಾದ ಸಲ್ಲಲಿ.

ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಪ್ರಾಜೆಕ್ಟಿನ ಬಗ್ಗೆ. ಹುಡುಗರು ಕಾಲೇಜಿನ ಲ್ಯಾಬ್ ಬಿಟ್ಟು, ಕೆಲಸ ನಡೆಯುವ ಜಾಗಕ್ಕೇ ಹೋಗಿ ಮಾಡುವ ಪ್ರಾಜೆಕ್ಟ್. ಅಲ್ಲಿ ಒಬ್ಬ ನಿಜವಾದ ಮನುಷ್ಯ ಇರುತ್ತಾನೆ. ಅವನಿಗೆ ನಿಜವಾದ ಒಂದು ಕಿರಿಕಿರಿ ಇರುತ್ತದೆ. ಹುಡುಗ ಮಾಡಿದ್ದನ್ನು ಅವನು ಸೋಮವಾರ ಬೆಳಗ್ಗೆ ಬಂದು ಬಳಸುತ್ತಾನೆ, ಇಲ್ಲವೇ ಬಳಸದೆ ಪಕ್ಕಕ್ಕೆ ತಳ್ಳುತ್ತಾನೆ. ಪರೀಕ್ಷೆ ಅಲ್ಲೇ ಮುಗಿಯಿತು. ನಾವು ಕಾಲೇಜಿನಲ್ಲಿ ಮಾಡುವ ವೈವಾ ಅದಾದ ಮೇಲಿನ ಮಾತು.

ಒಂದು ಕಥೆ ಹೇಳುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸೆಂಟ್ರಲ್ ಲೈನಿನ ಒಂದು ಸ್ಟೇಷನ್ ಎದುರು ನಮ್ಮವರದ್ದೇ ಒಂದು ಉಡುಪಿ ಹೋಟೆಲ್ ಇದೆ. ಧಣಿಗೆ ಒಂದು ತಾಪತ್ರಯ. ಕೆಲವು ದಿನ ಇಡ್ಲಿ ಹಿಟ್ಟು ಉಳಿಯುತ್ತದೆ, ಕೆಲವು ದಿನ ಹತ್ತು ಗಂಟೆಗೇ ಖಾಲಿ. ಮುಂಬಯಿಯ ಸೆಕೆಗೆ ಉಳಿದ ಹಿಟ್ಟು ಮರುದಿನಕ್ಕೆ ಹುಳಿ ಬರುತ್ತದೆ. ಅದನ್ನು ದೋಸೆಗೆ, ಉತ್ತಪ್ಪಕ್ಕೆ ತಿರುಗಿಸಬಹುದು, ಆದರೆ ಎಷ್ಟು ಅಂತ ತಿರುಗಿಸುತ್ತೀರಿ? ನಮ್ಮ ಮೂರನೇ ವರ್ಷದ ಒಬ್ಬ ಹುಡುಗನನ್ನು ಅಲ್ಲಿಗೆ ಕಳಿಸಿದೆವು. ಮನೆಯಲ್ಲಿ ಅಜ್ಜಿ ಹತ್ತಿರ ತುಳು, ಗೆಳೆಯರ ಹತ್ತಿರ ಮರಾಠಿ, ಲೋಕಲ್ ಟ್ರೈನಿನಲ್ಲಿ ಹಿಂದಿ ಮಾತಾಡುವ ಹುಡುಗ. ಕನ್ನಡ ಬರುತ್ತದೆ, ಸ್ವಲ್ಪ ತಡವರಿಸುತ್ತಾನೆ.

ಮೊದಲ ವಾರ ಅವನು ಏನು ಮಾಡಿದ ಗೊತ್ತಾ? ಲಾಗಿನ್ ಪೇಜ್ ಮಾಡಿದ. ಚೆಂದದ ಲಾಗಿನ್ ಪೇಜ್. ಹೆಸರು, ಪಾಸ್‌ವರ್ಡ್, ಮರೆತುಹೋದರೆ ಇಲ್ಲಿ ಒತ್ತಿ, ಎಲ್ಲ ಇತ್ತು. ಅದನ್ನು ಮೊಬೈಲಿಗೆ ಹಾಕಿ ಅಡುಗೆ ಭಟ್ಟರ ಮುಂದೆ ಹಿಡಿದ. ಭಟ್ಟರು ಹಿಟ್ಟು ರುಬ್ಬುತ್ತಾ ಇದ್ದರು. "ಕೈ ಒದ್ದೆ ಉಂಟಲ್ಲ ಮಾರಾಯ, ಇದನ್ನು ಒತ್ತುವುದು ಹೇಗೆ?" ಅಂದರಂತೆ. ಅಲ್ಲಿಗೆ ಲಾಗಿನ್ ಪೇಜ್ ಕಥೆ ಮುಗಿಯಿತು.

ಎರಡನೇ ವಾರ ಅವನು ಬರೇ ಕೂತು ನೋಡಿದ. ಇದನ್ನು ನಾನೇ ಹೇಳಿದ್ದು. ಲ್ಯಾಪ್‌ಟಾಪ್ ಒಯ್ಯಬೇಡ, ಒಂದು ನೋಟ್‌ಬುಕ್ ತಗೊಂಡು ಹೋಗು, ಯಾರು ಯಾವ ಹೊತ್ತಿಗೆ ಏನು ನಿರ್ಧಾರ ಮಾಡುತ್ತಾರೆ ಅಂತ ಬರಿ. ಆಗ ಅವನಿಗೆ ಒಂದು ವಿಷಯ ಕಂಡಿತು. ನಾಳೆಯ ಇಡ್ಲಿಗೆ ಉದ್ದು ನೆನೆಹಾಕುವುದು ಇವತ್ತು ಬೆಳಗ್ಗೆ ಹನ್ನೊಂದರ ಒಳಗೆ. ಮಧ್ಯಾಹ್ನ ರುಬ್ಬಿ, ರಾತ್ರಿ ಇಡೀ ಹುದುಗು ಬರಲು ಬಿಡುತ್ತಾರೆ. ಅಂದರೆ ಇವತ್ತಿನ ವ್ಯಾಪಾರ ಅರ್ಧವೂ ಆಗುವ ಮೊದಲೇ ನಾಳೆಯ ಲೆಕ್ಕ ಮುಗಿದಿರಬೇಕು. ಅವನು ಯೋಚನೆ ಮಾಡಿದ್ದು ರಾತ್ರಿ ಗಲ್ಲಾ ಮುಚ್ಚಿದ ಮೇಲೆ ದಿನದ ಬಿಲ್ಲುಗಳನ್ನೆಲ್ಲ ಒಟ್ಟುಮಾಡಿ ನಾಳೆಗೆ ಎಷ್ಟು ಬೇಕು ಅಂತ ಹೇಳುವ ಪ್ರೋಗ್ರಾಂ. ಆ ಹೊತ್ತಿಗೆ ಹಿಟ್ಟು ಪಾತ್ರೆಯಲ್ಲಿ ಉಬ್ಬುತ್ತಾ ಇರುತ್ತದೆ! ಇದು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ರಿಕ್ವೈರ್‌ಮೆಂಟ್ ಅನಾಲಿಸಿಸ್, ಅಂದರೆ ಬಳಸುವವರಿಗೆ ಏನು ಬೇಕು ಅಂತ ತಿಳಿಯುವುದು, ಎಂಬ ಅಧ್ಯಾಯವನ್ನು ನಾನು ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಅದರಲ್ಲಿ ಉದ್ದು ನೆನೆಯುವ ಹೊತ್ತಿನ ಪ್ರಸ್ತಾಪ ಇಲ್ಲ.

ಆಮೇಲೆ ಹಳೆಯ ಬಿಲ್ಲಿಂಗ್ ಯಂತ್ರದಿಂದ ಒಂದು ವರ್ಷದ ಲೆಕ್ಕ ತೆಗೆದ. ಎಕ್ಸೆಲ್ ಹಾಳೆಯಲ್ಲಿ ಹಾಕಿ ನೋಡಿದರೆ ಕೆಲವು ದಿನ ಇಡ್ಲಿ ದಿಢೀರ್ ಕುಸಿದಿದೆ. ಕಾರಣ ಗೊತ್ತಾಗುವುದಿಲ್ಲ. ಹುಡುಗ ಮೂರು ದಿನ ತಲೆ ಕೆಡಿಸಿಕೊಂಡ. ಕೊನೆಗೆ ಗಲ್ಲಾದ ಮೇಲೆ ಕೂತಿದ್ದ ಮ್ಯಾನೇಜರರನ್ನು ಕೇಳಿದ. ಅವರು ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದರು. ಸಂಕಷ್ಟಿ! ಸಂಕಷ್ಟಿಯ ದಿನ ಇಲ್ಲಿ ಎಷ್ಟೋ ಜನ ಉಪವಾಸ. ಇಡ್ಲಿ ಯಾರಿಗೂ ಬೇಡ, ಸಾಬೂದಾನ ಖಿಚಡಿ, ಸಾಬೂದಾನ ವಡೆ ಸಾಲುವುದಿಲ್ಲ. ಅದರಲ್ಲೂ ಮಂಗಳವಾರ ಬಂದರೆ ಅಂಗಾರಕಿ, ಪ್ರಭಾದೇವಿಯ ಸಿದ್ಧಿವಿನಾಯಕನ ಗುಡಿ ಎದುರಿನ ಸಾಲು ನೀವು ನೋಡಿದ್ದೀರಲ್ಲ. ರಾತ್ರಿ ಚಂದ್ರ ಕಂಡ ಮೇಲೆ ಉಪವಾಸ ಬಿಡುವವರು ಬರುತ್ತಾರೆ, ಆಗ ಊಟದ ಗಿರಾಕಿ ಜಾಸ್ತಿ. ಹುಡುಗನ ಟೇಬಲ್ಲಿಗೆ ಒಂದು ಹೊಸ ಕಾಲಂ ಬಂತು. ಸಂಕಷ್ಟಿ: ಹೌದು, ಇಲ್ಲ.

ಆದರೂ ಕೆಲವು ಭಾನುವಾರಗಳ ಲೆಕ್ಕ ಕೂಡುತ್ತಿರಲಿಲ್ಲ. ಹಬ್ಬ ಇಲ್ಲ, ಮಳೆ ಇಲ್ಲ, ಕ್ರಿಕೆಟ್ ಮ್ಯಾಚೂ ಇಲ್ಲ. ಮತ್ತೆ ಮ್ಯಾನೇಜರ್ ಹತ್ತಿರ ಹೋದ. ಅವರು ತಲೆ ಎತ್ತದೆ ಚಿಲ್ಲರೆ ಎಣಿಸುತ್ತಾ, "ಅವತ್ತು ಮೆಗಾಬ್ಲಾಕ್ ಇದ್ದಿರಬೇಕು ನೋಡು" ಅಂದರು. ಹಳಿ ರಿಪೇರಿಗೆ ಅಂತ ಭಾನುವಾರ ಹಗಲು ಕೆಲವು ಗಂಟೆ ಗಾಡಿ ಓಡಿಸುವುದಿಲ್ಲವಲ್ಲ, ಅದು. ವೆಸ್ಟರ್ನ್ ಲೈನಿನವರು ಜಂಬೋ ಬ್ಲಾಕ್ ಅನ್ನುತ್ತಾರೆ, ಹೆಸರು ಬೇರೆ, ಕಷ್ಟ ಒಂದೇ. ಸ್ಟೇಷನ್ ಎದುರಿನ ಹೋಟೆಲು, ಗಾಡಿ ಇಲ್ಲ ಅಂದರೆ ಗಿರಾಕಿ ಎಲ್ಲಿಂದ ಬರಬೇಕು? ರೈಲ್ವೆಯವರು ಮೊದಲೇ ಪ್ರಕಟಣೆ ಕೊಡುತ್ತಾರೆ. ಹಾಗಾಗಿ ಶನಿವಾರ ಬೆಳಗ್ಗೆ ಹನ್ನೊಂದರ ಒಳಗೆ ಗೊತ್ತಿರುವ ವಿಷಯ ಇದು. ಮ್ಯಾನೇಜರ್ ತಲೆಯಲ್ಲಿ ಇಷ್ಟು ವರ್ಷ ಇತ್ತು. ಆದರೆ ನೆನೆಹಾಕುವ ಭಟ್ಟರಿಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಒಬ್ಬರು ಗಲ್ಲಾದಲ್ಲಿ, ಇನ್ನೊಬ್ಬರು ಒಳಗೆ.

ಕೊನೆಗೆ ಅಲ್ಲಿ ನಿಂತದ್ದು ಯಾವ ಆ್ಯಪೂ ಅಲ್ಲ. ಬೆಳಗ್ಗೆ ಹತ್ತೂವರೆಗೆ ಗಲ್ಲಾದ ಕಂಪ್ಯೂಟರಿನಲ್ಲಿ ಮ್ಯಾನೇಜರ್ ಎರಡು ಪ್ರಶ್ನೆಗೆ ಉತ್ತರ ಒತ್ತುತ್ತಾರೆ. ನಾಳೆ ಉಪವಾಸ ಇದೆಯಾ, ಬ್ಲಾಕ್ ಇದೆಯಾ. ಒಂದು ಸಂಖ್ಯೆ ಬರುತ್ತದೆ, ಇಷ್ಟು ಕೇಜಿ ಉದ್ದು. ಅದನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಾರೆ. ಭಟ್ಟರು ಅದನ್ನು ನೋಡಿ, ತಮಗೆ ತೋಚಿದಷ್ಟು ಹೆಚ್ಚುಕಡಿಮೆ ಮಾಡಿ ನೆನೆಹಾಕುತ್ತಾರೆ. ಹುಡುಗನಿಗೆ ಮೊದಮೊದಲು ಬೇಜಾರು, ತನ್ನ ಲೆಕ್ಕವನ್ನು ಭಟ್ಟರು ತಿದ್ದುತ್ತಾರೆ ಅಂತ. ನಾನು ಹೇಳಿದೆ, ತಿದ್ದಿದ್ದನ್ನೂ ಬರೆದಿಟ್ಟುಕೋ, ಯಾರು ಸರಿ ಅಂತ ತಿಂಗಳಾದ ಮೇಲೆ ನೋಡೋಣ. ತಿಂಗಳಾದ ಮೇಲೆ ನೋಡಿದರೆ ಮಳೆಗಾಲದ ದಿನಗಳಲ್ಲಿ ಭಟ್ಟರೇ ಸರಿ ಇದ್ದರು. ಥಂಡಿಗೆ ಹುದುಗು ತಡವಾಗಿ ಬರುತ್ತದೆ, ಹಿಟ್ಟು ಅಷ್ಟು ಉಬ್ಬುವುದಿಲ್ಲ, ಅದಕ್ಕೆ ಅವರು ಸ್ವಲ್ಪ ಜಾಸ್ತಿ ಹಾಕುತ್ತಿದ್ದರು.

ಈಗ ಮಕ್ಕಳ ಹತ್ತಿರ ಚಾಟ್‌ಜಿಪಿಟಿ ಇದೆ. ಲಾಗಿನ್ ಪೇಜ್ ಬೇಕು ಅಂದರೆ ಅರ್ಧ ನಿಮಿಷದಲ್ಲಿ ಬರೆದು ಕೊಡುತ್ತದೆ. ನಾನು ಬೇಡ ಅನ್ನುವುದಿಲ್ಲ, ಬಳಸಲಿ. ಆದರೆ ಹಾಗೆ ಬರೆಸಿಕೊಳ್ಳುವುದಕ್ಕೆ ಮೊದಲು ಏನು ಬರೆಸಬೇಕು ಅಂತ ಗೊತ್ತಿರಬೇಕಲ್ವಾ? ಅದು ಮ್ಯಾನೇಜರ್ ಚಿಲ್ಲರೆ ಎಣಿಸುವಾಗ ಪಕ್ಕದಲ್ಲಿ ನಿಂತವನಿಗೆ ಮಾತ್ರ ಗೊತ್ತಾಗುತ್ತದೆ.

ಇದೇನೂ ಹೊಸ ಯೋಚನೆ ಅಲ್ಲ. ಅಮೆರಿಕದ ಸಿನ್ಸಿನ್ಯಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಮೇಷ್ಟ್ರು 1906ರಲ್ಲೇ 27 ಹುಡುಗರನ್ನು ಇಟ್ಟುಕೊಂಡು ಶುರುಮಾಡಿದ್ದರು. ಸ್ವಲ್ಪ ದಿನ ತರಗತಿ, ಸ್ವಲ್ಪ ದಿನ ಕಾರ್ಖಾನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ 1973ರಲ್ಲಿ ಪ್ರಾಕ್ಟೀಸ್ ಸ್ಕೂಲ್ ಅಂತ ಆರಂಭಿಸಿತು. 2004ರಲ್ಲಿ ಗೋವಾದಲ್ಲಿ ಅವರ ಕ್ಯಾಂಪಸ್ ಆಯಿತಲ್ಲ, ಅಲ್ಲಿನ ಮಕ್ಕಳಿಗೂ ಅದೇ ಪದ್ಧತಿ. ಎರಡನೇ ವರ್ಷ ಮುಗಿದ ಮೇಲೆ ಸುಮಾರು ಎರಡು ತಿಂಗಳು, ಕೊನೆಯ ವರ್ಷ ಐದೂವರೆ ತಿಂಗಳು ಕಂಪನಿಯಲ್ಲಿ. ಇನ್ನು ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ದುಡಿಯುತ್ತಾ ಕಲಿಯಿರಿ ಅಂದರು. ಅವರ ಹೆಸರಿನ ದುಡಿದು ಕಲಿಯುವ ಯೋಜನೆ ಪುಣೆ ವಿಶ್ವವಿದ್ಯಾಲಯದಲ್ಲಿ ಇವತ್ತೂ ಇದೆ.

ಇಷ್ಟು ದೂರ ಯಾಕೆ ಹೋಗಬೇಕು? ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟು ಜನ ರಾತ್ರಿ ಶಾಲೆಯಲ್ಲಿ ಓದಿದವರು, ಕೈ ಎತ್ತಿ ನೋಡೋಣ. ನೋಡಿ, ಐದಾರು ಕೈ ಇದೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಗೆ ಓಡಿ ಎಸ್ಸೆಸ್ಸಿ ಮಾಡಿದವರು ನೀವು. ಕೆಲಸದ ಜಾಗ ಏನು ಕಲಿಸುತ್ತದೆ ಅಂತ ನಿಮಗೆ ನಾನು ಹೇಳುವುದಲ್ಲ. ನಿಮ್ಮ ಮೊಮ್ಮಕ್ಕಳಿಗೆ ನೀವು ಹೇಳಬೇಕು.

ಈಗ ನಿಯಮದ ವಿಷಯ, ಬೇಗ ಮುಗಿಸುತ್ತೇನೆ. 2020ರ ಹೊಸ ಶಿಕ್ಷಣ ನೀತಿ ಬಂದ ಮೇಲೆ ನಮ್ಮ ರಾಜ್ಯದ ಪದವಿಗಳಲ್ಲಿ ಆನ್ ಜಾಬ್ ಟ್ರೇನಿಂಗ್ ಸೇರಿದೆ. ಮಕ್ಕಳ ಬಾಯಲ್ಲಿ ಅದು ಓಜೆಟಿ. 4 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 30 ಗಂಟೆ ಅಂತ ಹಿಡಿದರೆ 120 ಗಂಟೆ. ದಿನಕ್ಕೆ ಎಂಟು ಗಂಟೆ ಅಂದರೆ ಹದಿನೈದು ದಿನದಲ್ಲಿ ಮುಗಿದುಹೋಗುತ್ತದೆ. ಎಷ್ಟೋ ಕಾಲೇಜುಗಳು ರಜೆಯಲ್ಲಿ ಹದಿನೈದು ದಿನ ಒಟ್ಟಿಗೆ ಮಾಡಿಸಿ ಕೈತೊಳೆದುಕೊಳ್ಳುತ್ತವೆ. ನನಗೆ ಇದು ಸರಿ ಕಾಣುವುದಿಲ್ಲ. ಹದಿನೈದು ದಿನದಲ್ಲಿ ಸಂಕಷ್ಟಿ ಬಂದರೆ ಒಂದು ಸಲ ಬರುತ್ತದೆ, ಬರದೆಯೂ ಇರಬಹುದು. ವಾರಕ್ಕೊಂದು ದಿನದಂತೆ ಹದಿನೈದು ವಾರ ಹೋದರೆ ಗಂಟೆ ಅಷ್ಟೇ, ಆದರೆ ಮೂರೂವರೆ ತಿಂಗಳು ಕಣ್ಣೆದುರು ನಡೆಯುತ್ತದೆ. ಮಾಡಿದ್ದನ್ನು ಕೊಟ್ಟು, ಅವರು ಬೈದು, ತಿದ್ದಿ, ಮತ್ತೆ ಕೊಡುವುದಕ್ಕೆ ಹೊತ್ತು ಸಿಗುತ್ತದೆ. ಹದಿನೈದು ದಿನದಲ್ಲಿ ಬೈಸಿಕೊಳ್ಳಲಿಕ್ಕೂ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ಸಣ್ಣ ಸಂಕಟ, ಯಾವ ಸುತ್ತೋಲೆಯಲ್ಲೂ ಬರದೇ ಇರುವುದು. ವಿದ್ಯಾರ್ಥಿಗಳ ರೈಲ್ವೆ ಕನ್ಸೆಷನ್ ಪಾಸು ಮನೆಯಿಂದ ಕಾಲೇಜಿಗೆ ಮಾತ್ರ. ಡೊಂಬಿವಲಿಯ ಹುಡುಗಿ ಅಂಧೇರಿಯಲ್ಲಿ ಓಜೆಟಿ ಮಾಡಿದರೆ ಪೂರ್ತಿ ದುಡ್ಡು ಕೊಟ್ಟು ಹೋಗಬೇಕು. ಸ್ಟೈಪೆಂಡ್ ಕೊಡುವುದಿಲ್ಲ ಅನ್ನುವ ಮಾಲೀಕರು ಕನಿಷ್ಠ ಪಾಸಿನ ದುಡ್ಡಾದರೂ ಕೊಡಿ. ಮಧ್ಯಾಹ್ನದ ಊಟ ಹಾಕಿ. ಹೋಟೆಲಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಅವರು ಊಟ ಹಾಕದೆ ಬಿಡುವುದೇ ಇಲ್ಲ. ಕೇಂದ್ರ ಸರ್ಕಾರ 2024ರಲ್ಲಿ ದೊಡ್ಡ ಕಂಪನಿಗಳಿಗಾಗಿ ಒಂದು ಇಂಟರ್ನ್‌ಶಿಪ್ ಯೋಜನೆ ಮಾಡಿ ತಿಂಗಳಿಗೆ 5,000 ರೂಪಾಯಿ ಅಂತ ನಿಗದಿ ಮಾಡಿತು. ಆಗ ಅದನ್ನು ಮಾಡಿದ್ದು ಪೂರ್ಣಾವಧಿ ಓದುತ್ತಿರುವ ಮಕ್ಕಳಿಗೆ ಅಲ್ಲ. ಆದರೂ ಒಂದು ಅಳತೆಗೋಲು ಅಂತ ಇಟ್ಟುಕೊಳ್ಳಬಹುದು. ಇದಕ್ಕೆ ಉಲ್ಟಾ ದಂಧೆಯೂ ಇದೆ. ಹುಡುಗರಿಂದಲೇ ದುಡ್ಡು ತಗೊಂಡು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುವವರು. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಅದು ಹೊಸ ಬ್ಲ್ಯಾಕ್ ಬುಕ್ಕು, ಬೈಂಡಿಂಗ್ ಕೂಡ ಇಲ್ಲ.

ಎರಡನೇ ಕಥೆ ನಮ್ಮಂಥದ್ದೇ ಒಂದು ಸಂಘದ್ದು. ಅವರ ಸದಸ್ಯರ ಪಟ್ಟಿ ಹಳೆಯ ಕಂಪ್ಯೂಟರಿನಲ್ಲಿತ್ತು. ಹಿಂದೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಬಳಕೆಗೆ ಬರುವ ಮೊದಲು ಕನ್ನಡ ಟೈಪ್ ಮಾಡುತ್ತಿದ್ದ ಬಗೆ ನಿಮಗೆ ನೆನಪಿರಬಹುದು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ. ಮಹಾಸಭೆಯ ನೋಟೀಸು ಕಳಿಸಬೇಕು, ಅಕಾರಾದಿಯಾಗಿ ಪಟ್ಟಿ ಬೇಕು ಅಂದರೆ ಆಗುತ್ತಿರಲಿಲ್ಲ. ಕಂಪ್ಯೂಟರು ಅದನ್ನು ಇಂಗ್ಲಿಷ್ ಅಂತಲೇ ತಿಳಿದು ಜೋಡಿಸುತ್ತಿತ್ತು.

ಇಬ್ಬರು ಹುಡುಗಿಯರು ಇದನ್ನು ಯೂನಿಕೋಡಿಗೆ ತರುವ ಕೆಲಸ ಹಿಡಿದರು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದರು. ಈ ಅಕ್ಷರದ ಬದಲು ಆ ಅಕ್ಷರ ಹಾಕುತ್ತಾ ಹೋದರಾಯಿತು ಅಂತ. ಅರ್ಕಾವತ್ತು ಬಂದು ಅಡ್ಡ ನಿಂತಿತು. 'ಕರ್ಮ' ಅಂತ ಬರೆಯುವಾಗ ನಾವು ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಬರೆಯುವುದು ಮಕಾರ ಆದ ಮೇಲೆ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಇಟ್ಟಿರುತ್ತಾರೆ, ಮ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ ಮೊದಲು. ಹಾಗಾಗಿ ಪ್ರೋಗ್ರಾಂ ಅರ್ಕಾವತ್ತು ಸಿಕ್ಕಿದ ಕೂಡಲೇ ಹಿಂದಕ್ಕೆ ನಡೆದು, ಅದು ಯಾವ ಅಕ್ಷರಕ್ಕೆ ಸೇರಿದ್ದು ಅಂತ ಹುಡುಕಿ, ಅದಕ್ಕಿಂತ ಮೊದಲು ಕೂರಿಸಬೇಕು. ಆ ಅಕ್ಷರಕ್ಕೆ ಕೆಳಗೊಂದು ಒತ್ತು, ಪಕ್ಕದಲ್ಲೊಂದು ದೀರ್ಘ ಇದ್ದರೆ ಇನ್ನೂ ಹಿಂದೆ ನಡೆಯಬೇಕು. ಇವರಿಬ್ಬರೂ ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲ. ಒಬ್ಬಳು ಮರಾಠಿ ಹುಡುಗಿ, ಕನ್ನಡ ಅಕ್ಷರವೇ ಗೊತ್ತಿರಲಿಲ್ಲ. ಸಂಘದ ಆಫೀಸಿನ ಗುಮಾಸ್ತರು ಪಕ್ಕದಲ್ಲಿ ಕೂರಿಸಿಕೊಂಡು ಕಾಗುಣಿತ ಹೇಳಿಕೊಟ್ಟರು. ಅವರು ಕೆಲಸದಿಂದ ನಿವೃತ್ತರಾದ ಮೇಷ್ಟ್ರು, ಖುಷಿಯೋ ಖುಷಿ. ಐಟಿ ಪ್ರಾಜೆಕ್ಟ್ ಹೆಸರಿನಲ್ಲಿ ಒಂದು ಮರಾಠಿ ಮಗು ಕನ್ನಡ ಕಲಿತಿತು.

ಇನ್ನೊಂದು ಸಂಗತಿ ಅಲ್ಲಿ ನಡೆಯಿತು, ನನಗೆ ಮರೆಯಲಾಗುವುದಿಲ್ಲ. ಮೂಲ ರಿಜಿಸ್ಟರಿನಲ್ಲಿ ಕೆಲವು ಹೆಸರುಗಳ ಪಕ್ಕ ಕೆಂಪು ಇಂಕಿನ ಸಣ್ಣ ಗುರುತು. ತೀರಿಕೊಂಡ ಆಜೀವ ಸದಸ್ಯರು. ಹುಡುಗಿಯರ ಪ್ರೋಗ್ರಾಮಿನಲ್ಲಿ ಡಿಲೀಟ್ ಬಟನ್ ಇತ್ತು. ಗುಮಾಸ್ತರು ಅದನ್ನು ನೋಡಿ, "ಇದು ಬೇಡ ಮಗಳೇ. ನಾವು ಯಾರನ್ನೂ ತೆಗೆಯುವುದಿಲ್ಲ. ನೋಟೀಸು ಹೋಗಬಾರದು, ಅಷ್ಟೇ" ಅಂದರು. ಡೇಟಾಬೇಸ್ ಪಾಠದಲ್ಲಿ ಇದಕ್ಕೆ ಸಾಫ್ಟ್ ಡಿಲೀಟ್ ಅಂತ ಹೆಸರಿದೆ. ದಾಖಲೆ ಉಳಿಸಿಕೊಂಡು ಒಂದು ಗುರುತು ಮಾತ್ರ ಹಾಕುವುದು. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾತು. ಯಾಕೆ ಬೇಕು ಅಂತ ನನಗೇ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

ಅದೇ ಕೆಲಸದಲ್ಲಿ ಒಂದು ಎಡವಟ್ಟೂ ಆಯಿತು. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು. ಹುಡುಗಿಯರು ಕೋಡನ್ನು ಗಿಟ್‌ಹಬ್ ಎಂಬ, ಕೋಡ್ ಇಡುವ ವೆಬ್‌ಸೈಟಿಗೆ ಹಾಕಿದರು, ಎಲ್ಲರಿಗೂ ಕಾಣುವಂತೆ. ಅದರ ಜೊತೆ ಪರೀಕ್ಷೆಗೆ ಇಟ್ಟುಕೊಂಡಿದ್ದ ಫೈಲೂ ಹೋಯಿತು. ಅದರಲ್ಲಿ ನಿಜವಾದ ಸದಸ್ಯರ ಹೆಸರು, ಫೋನ್ ನಂಬರು. ಗೊತ್ತಾದ ಕೂಡಲೇ ಫೈಲು ಅಳಿಸಿದರು, ಆಯ್ತು ಅಂದುಕೊಂಡರು. ಅದರ ಹಿಂದೆ ಕೆಲಸ ಮಾಡುವ ಗಿಟ್ ಎಂಬ ಪ್ರೋಗ್ರಾಂ ಹಾಗೆ ಮರೆಯುವುದಿಲ್ಲ. ಹಳೆಯ ಕಮಿಟ್, ಅಂದರೆ ಹಿಂದೆ ಉಳಿಸಿಟ್ಟ ಪ್ರತಿ, ತೆರೆದರೆ ಫೈಲು ಅಲ್ಲೇ ಕೂತಿರುತ್ತದೆ. ಕೊನೆಗೆ ಇಡೀ ರೆಪಾಸಿಟರಿಯನ್ನೇ, ಅಂದರೆ ಆ ಕೋಡು ಮತ್ತು ಅದರ ಹಳೆಯ ಪ್ರತಿಗಳೆಲ್ಲ ಇದ್ದ ಜಾಗವನ್ನೇ, ತೆಗೆದು ಹಾಕಿದೆವು. ಸಂಘದ ಕಾರ್ಯದರ್ಶಿಯ ಎದುರು ಹೋಗಿ ನಾನೂ ಹುಡುಗಿಯರೂ ನಿಂತು ಒಪ್ಪಿಕೊಂಡೆವು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಇನ್ನು ಮೇಲೆ ಇದು ಸುಮ್ನೆ ಸಾರಿ ಹೇಳಿ ಮುಗಿಸುವ ವಿಷಯ ಅಲ್ಲ. ಈಗ ನಮ್ಮಲ್ಲಿ ಮೊದಲ ದಿನವೇ ಒಂದು ಕೆಲಸ ಕೊಡುತ್ತೇವೆ. ನಿಜವಾದ ಪಟ್ಟಿಯನ್ನು ಹೋಲುವ ಸುಳ್ಳು ಪಟ್ಟಿ ತಯಾರು ಮಾಡಿ. ತಪ್ಪು ಕಾಗುಣಿತ, ಖಾಲಿ ಜಾಗ, ಒಬ್ಬರೇ ಎರಡು ಸಲ, ಎಲ್ಲ ಇರಲಿ. ಮನೆಯಲ್ಲಿ ಕೂತು ಕೋಡ್ ಬರೆಯುವುದು ಅದರ ಮೇಲೆ. ನಿಜವಾದ ಪಟ್ಟಿ ಸಂಘದ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಪೆನ್ ಡ್ರೈವಿನಲ್ಲಂತೂ ಇಲ್ಲವೇ ಇಲ್ಲ.

ಕೋಡ್ ಯಾರದ್ದು ಎಂಬ ಜಗಳವೂ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನೋ ಅಪ್ರೆಂಟಿಸೋ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಧಣಿಗೆ ಸೇರುತ್ತದೆ. ಆದರೆ ಪ್ರಾಜೆಕ್ಟಿಗೆ ಬಂದ ವಿದ್ಯಾರ್ಥಿ ನೌಕರನಾ? ವಾದಕ್ಕೆ ಜಾಗ ಇದೆ. ಅದಕ್ಕೆ ಶುರುವಿನಲ್ಲೇ ಒಂದು ಪುಟದ ಕಾಗದ ಬರೆದುಕೊಳ್ಳಿ. ಬಳಸುವ ಹಕ್ಕು ನಿಮಗೆ, ಪರೀಕ್ಷೆಯಲ್ಲಿ ತೋರಿಸುವ ಹಕ್ಕು ಹುಡುಗನಿಗೆ, ಮಾಹಿತಿ ನಿಮ್ಮದು. ವಕೀಲರು ಬೇಡ, ಮೂವರ ಸಹಿ ಸಾಕು. ಧಣಿ, ಹುಡುಗ, ಕಾಲೇಜು.

ಮಾರ್ಕು ಕೊಡುವುದು ಹೇಗೆ? ಇದು ನಮ್ಮ ಮೇಷ್ಟ್ರುಗಳ ತಲೆನೋವು. ಹೊರಗಿನ ಪರೀಕ್ಷಕರು ಬಂದು, "ಇಷ್ಟೇನಾ? ಎರಡು ಪ್ರಶ್ನೆ, ಒಂದು ಸಂಖ್ಯೆ?" ಅಂದರೆ ಹುಡುಗ ಏನು ಹೇಳಬೇಕು? ಪಕ್ಕದವನು ನಲವತ್ತು ಪರದೆಯ ಆಸ್ಪತ್ರೆ ತೋರಿಸುತ್ತಿರುತ್ತಾನೆ. ನಾನು ಈಗ ಮಕ್ಕಳಿಗೆ ಹೇಳುವುದು ಇಷ್ಟು. ಬಿಸಾಡಿದ್ದನ್ನು ಮೊದಲು ತೋರಿಸು. ಆ ಲಾಗಿನ್ ಪೇಜ್ ತೋರಿಸು, ಒದ್ದೆ ಕೈಯ ಮಾತು ಹೇಳು, ಆಮೇಲೆ ಉಳಿದದ್ದನ್ನು ತೋರಿಸು. ಒಂದು ಪತ್ತಿನ ಸಂಘಕ್ಕೆ ಹೋದ ಹುಡುಗಿ ಪಿಗ್ಮಿ ಏಜೆಂಟರಿಗೆ ಆ್ಯಪ್ ಮಾಡಲು ಹೊರಟಿದ್ದಳು. ಪಿಗ್ಮಿ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಮನೆ ಮನೆಗೆ ಹೋಗಿ ಎರಡಾಣೆ ಕೂಡಿಸಿತ್ತಲ್ಲ. ಆ ಪತ್ತಿನ ಸಂಘದವರು ತಮ್ಮ ಮುಖ್ಯ ಲೆಕ್ಕಕ್ಕೆ ಹೊರಗಿನವರ ಪ್ರೋಗ್ರಾಂ ಜೋಡಿಸಲು ಒಪ್ಪಲಿಲ್ಲ. ಒಪ್ಪಬಾರದು ಕೂಡ, ಜನರ ದುಡ್ಡು. ಪ್ರಾಜೆಕ್ಟ್ ಅಲ್ಲಿಗೇ ನಿಂತಿತು. ಆದರೆ ಅವಳು ಏಜೆಂಟರ ಹಿಂದೆ ಮಾರ್ಕೆಟ್ ಸುತ್ತಿ, ಯಾವ ಯಾವ ಅಂಗಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿ ರಸೀದಿ ಹೇಗೆ ಬರೆಯುತ್ತಾರೆ, ರಾತ್ರಿ ಲೆಕ್ಕ ಹೇಗೆ ತಾಳೆ ಹಾಕುತ್ತಾರೆ ಅಂತ ಬರೆದಿದ್ದ ದಿನಚರಿ ಇತ್ತು. ಆ ವರ್ಷ ನಾನು ಅತಿ ಹೆಚ್ಚು ಮಾರ್ಕು ಕೊಟ್ಟದ್ದು ಅದಕ್ಕೆ. ಓಡುವ ಪ್ರೋಗ್ರಾಂ ಇಲ್ಲದ ಪ್ರಾಜೆಕ್ಟಿಗೆ.

ಆಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಒಬ್ಬ ಹೋಟೆಲ್ ಮಾಲೀಕರದು. "ಪೇಟೆಯಲ್ಲಿ ರೆಡಿಮೇಡ್ ಬಿಲ್ಲಿಂಗ್ ಸಾಫ್ಟ್‌ವೇರ್ ಸಿಗುತ್ತದೆ ಮೇಡಂ. ಹುಡುಗರ ಹತ್ತಿರ ಮಾಡಿಸಿಕೊಂಡು, ಅವರು ಪಾಸಾಗಿ ಹೋದ ಮೇಲೆ ಅದು ಕೆಟ್ಟರೆ ಯಾರನ್ನು ಕೇಳುವುದು?"

ಸರಿಯಾದ ಪ್ರಶ್ನೆ. ಬಿಲ್ಲಿಂಗ್ ಹುಡುಗರಿಂದ ಮಾಡಿಸಲೇಬೇಡಿ. ಜಿಎಸ್‌ಟಿ ಇರುವ ಕಡೆ ಪ್ರಯೋಗ ಬೇಡ, ದುಡ್ಡು ಕೊಟ್ಟು ಕೊಂಡುಕೊಳ್ಳಿ. ವಿದ್ಯಾರ್ಥಿ ಮಾಡಿದ್ದು ಒಂದು ದಿನ ನಿಂತುಹೋದರೆ ನಿಮ್ಮ ಅಂಗಡಿ ನಿಲ್ಲಬಾರದು. ಇದೇ ಅಳತೆ. ಉದ್ದಿನ ಲೆಕ್ಕ ನಿಂತುಹೋದರೆ ಏನಾಗುತ್ತದೆ? ಭಟ್ಟರು ಮೊದಲಿನ ಹಾಗೆ ಅಂದಾಜಿನಲ್ಲಿ ಹಾಕುತ್ತಾರೆ. ಕೊಂಡು ತಂದ ಸಾಫ್ಟ್‌ವೇರುಗಳ ನಡುವೆ ಇಂಥ ಸಂದುಗಳು ಬೇಕಾದಷ್ಟು ಇರುತ್ತವೆ. ಅಲ್ಲಿ ಹುಡುಗರಿಗೆ ಜಾಗ ಕೊಡಿ. ಮತ್ತೆ ವಾರಕ್ಕೆ ಒಂದು ಗಂಟೆ ನಿಮ್ಮ ಕಡೆಯಿಂದ ಒಬ್ಬರು ಅವರ ಜೊತೆ ಕೂರಬೇಕು. ಕೂರಲು ಆಗುವುದಿಲ್ಲ ಅಂದರೆ ಹುಡುಗರನ್ನು ಕರೆಸಿಕೊಳ್ಳಬೇಡಿ. ಮೂಲೆಯಲ್ಲಿ ಕೂರಿಸಿ ಬಿಲ್ ಟೈಪ್ ಮಾಡಿಸಿ ಕಳಿಸುವವರನ್ನು ನಾನು ನೋಡಿದ್ದೇನೆ.

ಎರಡನೆಯದು ಒಬ್ಬ ತಾಯಿಯದು. "ನನ್ನ ಮಗನಿಗೆ ಪುಣೆಯ ಹಿಂಜವಡಿಯಲ್ಲಿ ದೊಡ್ಡ ಕಂಪನಿಯಲ್ಲೇ ಪ್ರಾಜೆಕ್ಟ್ ಸಿಗಬೇಕು ಅಂತ ಆಸೆ. ಹೋಟೆಲಿನಲ್ಲಿ ಮಾಡಿದರೆ ಕೆಲಸ ಸಿಗುತ್ತದಾ?"

ಅಮ್ಮಾ, ಸಿಕ್ಕಿದರೆ ಖಂಡಿತ ಹೋಗಲಿ. ಪುಣೆಯಲ್ಲ, ಎಲ್ಲಿಗಾದರೂ ಹೋಗಲಿ. ದೊಡ್ಡ ಕಡೆ ಶಿಸ್ತು ಕಲಿಯುತ್ತಾನೆ, ಇನ್ನೊಬ್ಬರು ಬರೆದ ಕೋಡ್ ಓದಲು ಕಲಿಯುತ್ತಾನೆ, ಅದು ಸಣ್ಣ ಕಡೆ ಸಿಗುವುದಿಲ್ಲ. ಆದರೆ ಅಲ್ಲಿ ಅವನಿಗೆ ಬಳಸುವ ಮನುಷ್ಯನ ಮುಖ ಕಾಣದೆಯೂ ಇರಬಹುದು. ನಮ್ಮ ಇಡ್ಲಿ ಹುಡುಗ ಇಂಟರ್‌ವ್ಯೂನಲ್ಲಿ ಮೆಗಾಬ್ಲಾಕ್ ಕಥೆ ಹೇಳಿದ. ಕೇಳುತ್ತಿದ್ದವರು ಠಾಣೆಯಿಂದ ಬರುವವರಂತೆ, ಅವರಿಗೆ ಕೂಡಲೇ ಅರ್ಥವಾಯಿತು. ಕೆಲಸ ಸಿಕ್ಕಿತು. ಅದರಿಂದಲೇ ಸಿಕ್ಕಿತು ಅಂತ ನಾನು ಹೇಳಲಾರೆ.

ಮೂರನೆಯವರು ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರು. ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಪ್ರೆಸ್ ಅವರದು. "ನಮ್ಮಲ್ಲಿ ಕಂಪ್ಯೂಟರಿನ ತೊಂದರೆ ಏನೂ ಇಲ್ಲ ಮೇಡಂ. ಹುಡುಗರು ಬಂದು ಏನು ಮಾಡಬೇಕು?"

ನಾನು ಕೇಳಿದೆ, ದಿನಕ್ಕೆ ಅತಿ ಹೆಚ್ಚು ಸಲ ಫೋನಿನಲ್ಲಿ ಯಾವ ಮಾತು ಕೇಳುತ್ತೀರಿ? ಅವರು ಯೋಚಿಸಲೇ ಇಲ್ಲ. "ನಮ್ಮ ಕಾರ್ಡು ಆಯ್ತಾ ಅಂತ." ನೀವು ಏನು ಮಾಡುತ್ತೀರಿ? "ಫೋನ್ ಇಟ್ಟು ಒಳಗೆ ಹೋಗಿ ನೋಡಿ ಬರುತ್ತೇನೆ. ಹೆಸರು ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಬರೆದಿರುತ್ತಾರೆ, ಬೇಗ ಸಿಗುವುದಿಲ್ಲ." ಅಷ್ಟು ಹೇಳಿ ಅವರೇ ನಕ್ಕರು. ಸಭೆಯೂ ನಕ್ಕಿತು.

ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಹತ್ತಿರ ಬಂದರು. ಹುಡುಗರನ್ನು ಯಾವಾಗ ಕಳಿಸಲಿ ಅಂತ ಕೇಳಿದೆ. ವಾರಕ್ಕೊಂದು ದಿನ, ಹದಿನೈದು ವಾರ ಎಂಬ ನನ್ನ ಲೆಕ್ಕವನ್ನು ಮತ್ತೆ ಶುರುಮಾಡಿದ್ದೆ. ಅವರು ತಲೆ ಅಲ್ಲಾಡಿಸಿದರು. "ತುಳಸಿ ಲಗ್ನ ಆದ ಮೇಲೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಗಣಪತಿ ಹೋದ ಮೇಲೆ ಪಿತೃಪಕ್ಷದಲ್ಲಿ ಕಳಿಸಿ. ಆ ಹದಿನೈದು ದಿನ ಯಾರೂ ಕಾರ್ಡು ಮಾಡಿಸುವುದಿಲ್ಲ, ನಾನು ನೊಣ ಹೊಡೆಯುತ್ತಾ ಕೂತಿರುತ್ತೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ತನಕ ಜೊತೆಗೇ ಕೂರುತ್ತೇನೆ."

ಹದಿನೈದು ದಿನ, ಒಟ್ಟಿಗೆ. ಡೈರಿಯಲ್ಲಿ ಬರೆದುಕೊಂಡೆ.